ಹತ್ತು ದೇಶಗಳ ಬೀರಯ್ಯ

ವಿಜಯನಗರ ನಾಲ್ಕನೇ ಹಂತದ ಬೀರಯ್ಯನವರು ಹೊರದೇಶ ಕಂಡವರಲ್ಲ. ಒಮ್ಮೆ ಗುರುವಾಯೂರಿಗೆ ಹೋಗಿದ್ದರು. ಅಲ್ಲಿಯ ಅನ್ನದ ಅಗುಳು ದಪ್ಪವೆಂದು ಮಾರನೆಯ ದಿನವೇ ಮೈಸೂರಿಗೆ ವಾಪಸಾದರು. ಅಂಥವರ ಹೆಗಲ ಮೇಲೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಹತ್ತು ದೇಶಗಳು ಬಂದು ಕೂತದ್ದು ಅವರ ತಪ್ಪಲ್ಲ. ಕೂತ ಮೇಲೆ ಇಳಿಸದೆ ಹೊತ್ತು ತಿರುಗಿದ್ದು ಮಾತ್ರ ಅವರದೇ.

ಬೀರಯ್ಯನವರದು ಅಗರಬತ್ತಿ ವ್ಯಾಪಾರ. ರಾಜೀವನಗರದಲ್ಲಿ ಶೀಟು ಹೊದಿಸಿದ ಉದ್ದನೆಯ ಶೆಡ್ಡು, ಹೆಂಡತಿಯ ಹೆಸರಲ್ಲಿ 'ಇಂದ್ರ ಸುಗಂಧ' ಎಂಬ ಬೋರ್ಡು. ಒಂದು ಕಾಲಕ್ಕೆ ಅದರೊಳಗೆ ಹೆಂಗಸರು ಸಾಲಾಗಿ ಕೂತು, ಮಣೆಯ ಮೇಲೆ ಕಡ್ಡಿ ಹೊಸೆಯುತ್ತ, ಊರಿನ ಎಲ್ಲ ಸೊಸೆಯರ ವಿಚಾರಣೆ ಮಾಡಿ ತೀರ್ಪು ಕೊಡುತ್ತಿದ್ದರು. ಆಮೇಲೆ ವಿಯೆಟ್ನಾಂನಿಂದ ಯಂತ್ರದಲ್ಲಿ ಹೊಸೆದ ಕಪ್ಪು ಕಡ್ಡಿ ಮೂಟೆಗಟ್ಟಲೆ ಬರತೊಡಗಿತು. ಅದನ್ನು ಪರಿಮಳದಲ್ಲಿ ಅದ್ದಿ ಪೊಟ್ಟಣ ಕಟ್ಟಿದರೆ ಕೆಲಸ ಮುಗಿಯಿತು. ಬೀರಯ್ಯನವರು ಬಹಳ ದಿನ ತಡೆದರು. ಪಕ್ಕದ ಶೆಡ್ಡಿನವರು ತಡೆಯಲಿಲ್ಲ. ಕೊನೆಗೆ ಇವರೂ ಆ ಮೂಟೆ ತರಿಸಿದರು. ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ಎಲ್ಲರಿಗಿಂತ ಕಡೆಗೆ ಎದ್ದವಳು ಪುಟ್ಟಮಾದಮ್ಮ. ಅವಳು ತನ್ನ ಮಣೆಯನ್ನು ತೊಳೆದು, ಗೋಡೆಗೆ ಒರಗಿಸಿಟ್ಟು, "ಬತ್ತೀನಿ ಯಜಮಾನ್ರೇ" ಎಂದು ಹೋಗಿದ್ದಳು.

ಈ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದೆಂದು ಹುಡುಕುತ್ತಿದ್ದಾಗ ಪೇಪರಿನಲ್ಲಿ ಒಂದು ಸುದ್ದಿ ಕಂಡಿತು. ಆಸಿಯಾನ್ ಎಂಬ ಆಗ್ನೇಯ ಏಷ್ಯಾದ ಹತ್ತು ದೇಶಗಳ ಒಕ್ಕೂಟದೊಂದಿಗೆ ವ್ಯಾಪಾರ, ಹೂಡಿಕೆ ಬೆಳೆಸಲು ಯಾವುದೋ ಪರಿಷತ್ತಿನವರು ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಸಭೆ ಕರೆದಿದ್ದರು. ಹತ್ತರಲ್ಲಿ ವಿಯೆಟ್ನಾಂ ಕೂಡ ಇತ್ತು. ಬೀರಯ್ಯನವರು ಗಂಜಿ ಹಾಕಿದ ಶರಟು ತೊಟ್ಟು ಜಗಳಕ್ಕೆಂದೇ ಹೋದರು.

ಸಭೆಯ ಅಧ್ಯಕ್ಷರು ಬೆಂಗಳೂರಿನ ಯೋಗೇಂದ್ರ. ಸೂಟಿನ ಮನುಷ್ಯ. ನಗು ಅವರ ಮುಖದ ಮೇಲೆ ಖಾಯಂ ನೌಕರಿಯಲ್ಲಿತ್ತು. ಸ್ಥಳೀಯ ಉದ್ಯಮಿಗಳು ಮಾತಾಡಬಹುದು ಎಂದದ್ದೇ ತಡ, ಬೀರಯ್ಯನವರು ಎದ್ದು ನಿಂತು ಮೈಕು ಕಿತ್ತುಕೊಂಡರು.

"ಸ್ವಾಮಿ, ಈ ವಿಯೆಟ್ನಾಂ ನಮ್ಮ ಮನೆ ಒಳಗೇ ಬಂದ್ಬುಟ್ಟಿದೆ! ನಮ್ಮ ಹೆಂಗಸರ ಕೈಯಿಂದ ಕೆಲಸ ಕಿತ್ಕೊಂಡ್ಬುಡ್ತು! ಇದರ ಯೋಚನೇಲಿ ನನಗೆ ನಿದ್ದೇನೇ ಇಲ್ಲ ಕಣ್ರೀ!"

ಮುಂದಿನ ಸಾಲಿನಲ್ಲಿದ್ದ ವಿದೇಶಿ ಅತಿಥಿಗಳು ಯೋಗೇಂದ್ರರ ಕಡೆ ನೋಡಿದರು. ಯೋಗೇಂದ್ರ ನಗುತ್ತಲೇ ಇಂಗ್ಲಿಷಿಗೆ ತಿರುಗಿಸಿದರು: ವಿಯೆಟ್ನಾಂ ಈ ಹಿರಿಯರಿಗೆ ಮನೆಮಂದಿಯಂತೆ ಆಗಿದೆ, ಹೆಂಗಸರ ಶ್ರಮ ತಗ್ಗಿದೆ, ಈ ಬಾಂಧವ್ಯಕ್ಕಾಗಿ ಇವರು ನಿದ್ದೆಗೆಟ್ಟು ದುಡಿಯುತ್ತಿದ್ದಾರೆ. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿತು. ವಿಯೆಟ್ನಾಂನ ಅತಿಥಿಯೊಬ್ಬರು ಎದ್ದು ಬಂದು ಬೀರಯ್ಯನವರನ್ನು ತಬ್ಬಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. ತಮ್ಮ ಕಷ್ಟಕ್ಕೆ ವಿಯೆಟ್ನಾಂ ಇಷ್ಟು ಬೇಗ ಕರಗೀತೆಂದು ಎಣಿಸದ ಬೀರಯ್ಯನವರ ಕಣ್ಣಲ್ಲೂ ನೀರು ಬಂತು. ಊಟಕ್ಕೆ ಮೊದಲು ಅವರನ್ನು ಪರಿಷತ್ತಿನ ಮೈಸೂರು ಶಾಖೆಗೆ ಗೌರವ ಅಧ್ಯಕ್ಷರೆಂದು ಘೋಷಿಸಿ ಶಾಲು ಹೊದಿಸಲಾಯಿತು.

ಮನೆಯಲ್ಲಿ ಇಂದ್ರಮ್ಮ ಶಾಲು ಮುಟ್ಟಿ ನೋಡಿ ಕೇಳಿದರು: "ಏನ್ ಮಾಡ್ಬೇಕಂತ್ರೀ ನೀವು?"

"ವ್ಯಾಪಾರ ಬೆಳೆಸ್ಬೇಕಂತೆ."

"ಯಾರದು?"

"ಹತ್ತು ದೇಶದ್ದು."

"ನಮ್ಮದು?"

"ಅದನ್ನ ಕೇಳೋಣ ಅಂತಿದ್ದೆ, ಅಷ್ಟರಲ್ಲಿ ಊಟಕ್ಕೆ ಕರೆದ್ಬುಟ್ರು."

ಇದು ಇಲ್ಲಿಗೇ ಮುಗಿಯಬೇಕಾದ ಸಂಗತಿ. ಆದರೆ ಇಂದ್ರಮ್ಮನಿಗೆ ಲೋಕೇಶ್ ಎಂಬ ತಮ್ಮನೊಬ್ಬನಿದ್ದ. ಅವನದು ಫ್ಲೆಕ್ಸ್ ಅಂಗಡಿ. ಯಾರ ಸುದ್ದಿಯೂ ಸಣ್ಣದಾಗಿ ಉಳಿಯುವುದು ಅವನ ಕಸುಬಿಗೆ ಒಗ್ಗುವುದಿಲ್ಲ. ವಾರ ಕಳೆಯುವುದರೊಳಗೆ ರಸ್ತೆಯ ಮೂಲೆಯಲ್ಲಿ ಬೀರಯ್ಯನವರು ಆಳೆತ್ತರದ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತರು. ಅವರ ತಲೆಯ ಸುತ್ತ ಹತ್ತು ಬಾವುಟಗಳು ದೇವರ ಪ್ರಭಾವಳಿಯಂತೆ ಹರಡಿದ್ದವು. ಅದೇ ಬಾವುಟಗಳಿದ್ದ ವಿಸಿಟಿಂಗ್ ಕಾರ್ಡಿನ ಪೆಟ್ಟಿಗೆಯನ್ನೂ ಲೋಕೇಶ್ ತಂದುಕೊಟ್ಟ.

"ಭಾವ, ಇನ್ಮೇಲೆ ನೀವು ಸುಮ್ನೆ ಬೀರಯ್ಯ ಅಲ್ಲ. ಒಂಥರಾ ರಾಯಭಾರಿ."

"ಥೂ, ಹಂಗೆಲ್ಲ ಅನ್ಬೇಡ್ವೋ" ಎಂದರು ಬೀರಯ್ಯನವರು. ಆ ಪದ ಕಿವಿಗೆ ಹಿತವಾಗಿತ್ತು. ಅದಕ್ಕೇ ಮತ್ತೆ ಕೇಳಿದರು: "ಏನಂದೆ?"

ಪಕ್ಕದ ಮನೆಯ ರಮಾಮಣಿ ನಿವೃತ್ತ ಹೈಸ್ಕೂಲು ಟೀಚರು, ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷೆ. ಅವರು ಫ್ಲೆಕ್ಸನ್ನು ಕಾಗುಣಿತದ ತಪ್ಪು ಹುಡುಕುವ ಕಣ್ಣಿನಿಂದ ಓದಿ, ತಪ್ಪು ಸಿಗದೆ, ನಂಬಿದರು. ಸಂಘದ ವಾಟ್ಸಾಪ್ ಗುಂಪಿಗೆ ಅಂದೇ ಸುದ್ದಿ ಹೋಯಿತು: ನಮ್ಮ ರಸ್ತೆಯ ಹಿರಿಯರೊಬ್ಬರು ಹತ್ತು ದೇಶಗಳ ಹೊಣೆ ಹೊತ್ತಿದ್ದಾರೆ. ಅಲ್ಲಿಂದಾಚೆಗೆ ಬೀರಯ್ಯನವರ ಬೆಳಗಿನ ವಾಕಿಂಗ್ ಒಂದು ದರ್ಬಾರಾಯಿತು. ಒಬ್ಬರಿಗೆ ಸಿಂಗಪುರದ ವೀಸಾ ಎಷ್ಟು ದಿನಕ್ಕೆ ಬರುತ್ತದೆಂದು ತಿಳಿಯಬೇಕಿತ್ತು. ಇನ್ನೊಬ್ಬರಿಗೆ ಅಡಿಗೆ ಎಣ್ಣೆಯ ಬೆಲೆ ಇಳಿಸಲು ಮಲೇಷ್ಯಾಕ್ಕೆ ಒಂದು ಮಾತು ಹೇಳಿಸಬೇಕಿತ್ತು.

"ನೋಡೋಣ, ಹೇಳ್ತೀನಿ" ಎನ್ನುತ್ತಿದ್ದರು ಬೀರಯ್ಯನವರು. ಗೊತ್ತಿಲ್ಲ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು.

ಹೀಗಿರುವಾಗ ಪಾಲಿಕೆಯ ಎಂಜಿನಿಯರ್ ಬಸವರಾಜು ಮನೆಗೆ ಬಂದರು. ಆ ರಸ್ತೆಯ ಹಳ್ಳಗಳ ಬಗ್ಗೆ ರಮಾಮಣಿ ವರ್ಷಗಟ್ಟಲೆ ದೂರು ಕೊಟ್ಟರೂ ಬರದಿದ್ದ ಬಸವರಾಜು, ಫ್ಲೆಕ್ಸು ಕಂಡು ತಾವಾಗಿ ಬಂದಿದ್ದರು.

"ಸಾರ್, ಫಾರಿನ್ನೋರು ಯಾವಾಗ ಬರ್ತಾರೆ?"

"ಯಾವ ಫಾರಿನ್ನೋರು?"

"ನಮಗೆಲ್ಲ ಗೊತ್ತು ಬುಡಿ ಸಾರ್. ಈ ರೋಡಲ್ಲಿ ಅವರ ಕಾರು ಹಳ್ಳಕ್ಕೆ ಇಳಿದ್ರೆ ಮೇಲಿನೋರು ನನ್ನನ್ನ ಎಲ್ಲಿಗೆ ಎತ್ತಾಕ್ತಾರೋ! ಡೇಟ್ ಒಂದು ಹೇಳ್ಬುಡಿ."

ಗೇಟಿನಾಚೆ ರಮಾಮಣಿ ಕಾಂಪೌಂಡಿನ ಮೇಲೆ ಕತ್ತು ಚಾಚಿ ನಿಂತಿದ್ದರು. "ಬಂದ್ರೂ ಬರಬಹುದು" ಎಂದರು ಬೀರಯ್ಯನವರು.

ಅದೇ ವಾರ ರಸ್ತೆಗೆ ಡಾಂಬರು ಬಿತ್ತು. ಫಾರಿನ್ನಿನವರು ಯಾರೂ ಬರಲಿಲ್ಲ. ಹಾಲಿನ ವ್ಯಾನು ಮಾತ್ರ ಮೊದಲಿಗಿಂತ ಜೋರಾಗಿ ಬಂತು. ಬೀರಯ್ಯನವರ ಬಾಯಿಂದ ಒಂದು ಮಾತು ಹೊರಟರೆ ಕೆಲಸ ಆಗಿಯೇ ಆಗುತ್ತದೆ ಎಂಬುದರಲ್ಲಿ ಆ ಬಡಾವಣೆಯ ಯಾರಿಗೂ ಅನುಮಾನ ಉಳಿಯಲಿಲ್ಲ. ನಿಜ ಹೇಳಬೇಕೆಂದರೆ ಬೀರಯ್ಯನವರಿಗೂ ಉಳಿಯಲಿಲ್ಲ. ಕಥೆ ಕೆಟ್ಟದ್ದು ಇಲ್ಲಿಂದ.

ಡಾಂಬರಿನ ಘಮ ಇನ್ನೂ ಆರಿರಲಿಲ್ಲ. ಪುಟ್ಟಮಾದಮ್ಮ ರಾಜೀವನಗರದಿಂದ ಎರಡು ಬಸ್ಸು ಬದಲಾಯಿಸಿ ಮಗನನ್ನು ಕರೆದುಕೊಂಡು ಬಂದಳು. ಮಗ ಮನೋಹರ ಬಿ.ಕಾಂ. ಮುಗಿಸಿ ಮೊಬೈಲ್ ಅಂಗಡಿಯೊಂದರಲ್ಲಿ ಕೂರುತ್ತಿದ್ದ. ಚಿಕ್ಕವನಿದ್ದಾಗ ಶೆಡ್ಡಿನಲ್ಲಿ ತಾಯಿಯ ಮಗ್ಗುಲಲ್ಲೇ ಮಲಗಿ ಬೆಳೆದವನು. ಬೀರಯ್ಯನವರನ್ನು ಕಂಡರೆ ಈಗಲೂ ಎದ್ದು ನಿಲ್ಲುತ್ತಿದ್ದ.

"ಕಾಂಬೋಡಿಯಾ ಅಂತ ಸಾರ್" ಎಂದ ಮನೋಹರ. "ಕಂಪ್ಯೂಟರ್ ಕೆಲಸ. ಏಜೆಂಟು ಫೋನಲ್ಲೇ ಇಂಟರ್‌ವ್ಯೂ ಮಾಡ್ದ. ಊಟ, ರೂಮು ಎಲ್ಲ ಅವರದೇ. ಅಪ್ಪ ಬೇಡ ಅಂತಾರೆ."

"ಇವರಪ್ಪ ಬುಡಿ, ಮೂವತ್ತು ವರ್ಷ ಸಿಟಿ ಬಸ್ಸು ಓಡಿಸವ್ರೆ, ಸಿಟಿ ದಾಟಿದ್ದೇ ಇಲ್ಲ" ಎಂದಳು ಪುಟ್ಟಮಾದಮ್ಮ. "ನೀವು ಹೂಂ ಅಂದ್ರೆ ಕಳಿಸ್ತೀನಿ, ಊಹೂಂ ಅಂದ್ರೆ ಇಲ್ಲ. ನಿಮಗಿಂತ ತಿಳಿದೋರು ಇನ್ಯಾರವ್ರೆ ಯಜಮಾನ್ರೇ?"

ಬೀರಯ್ಯನವರಿಗೆ ಕಾಂಬೋಡಿಯಾ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಜೇಬಿನಿಂದ ತಮ್ಮದೇ ವಿಸಿಟಿಂಗ್ ಕಾರ್ಡು ತೆಗೆದು ಬಾವುಟಗಳನ್ನು ನೋಡಿದರು. ಕೆಳಗೆ ಸಣ್ಣಕ್ಷರದಲ್ಲಿ ಹೆಸರುಗಳಿದ್ದವು. ದೇಗುಲದ ಚಿತ್ರವಿದ್ದ ಬಾವುಟದ ಕೆಳಗೆ ಆ ಹೆಸರೂ ಸಿಕ್ಕಿತು. ಅವರ ಮುಖ ಅರಳಿತು.

"ಅಯ್ಯೋ, ನಮ್ಮದೇ ದೇಶ ಕಣಮ್ಮ ಇದು! ನೋಡು, ಬಾವುಟದಲ್ಲೇ ದೇವಸ್ಥಾನ ಇಟ್ಕೊಂಡಿದಾರೆ. ಅಂಥಾ ಜನ ಮೋಸ ಮಾಡ್ತಾರಾ? ಧೈರ್ಯವಾಗಿ ಹೋಗಿ ಬಾರಪ್ಪ." ಆಮೇಲೆ ಕಾರ್ಡನ್ನು ಮನೋಹರನ ಕೈಗಿಟ್ಟು ಹೇಳಿದರು: "ಅಲ್ಲಿ ಯಾರಾದ್ರೂ ತೊಂದರೆ ಕೊಟ್ರೆ ಇದನ್ನ ತೋರಿಸು, ಸಾಕು."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಇಂದ್ರಮ್ಮ ಗಂಡನನ್ನೇ ನೋಡಿದರು. ಪುಟ್ಟಮಾದಮ್ಮ ಬೀರಯ್ಯನವರ ಕಾಲಿಗೆ ಬಗ್ಗಿದಳು.

ಮನೋಹರ ಹೊರಟ. ತಲುಪಿದೆನೆಂದು ತಾಯಿಗೂ ಬೀರಯ್ಯನವರಿಗೂ ಒಂದು ಫೋಟೋ ಬಂತು: ಹೆಗಲಲ್ಲಿ ಬ್ಯಾಗು, ಹಿಂದೆ ಗಾಜಿನ ಕಟ್ಟಡ. ಪುಟ್ಟಮಾದಮ್ಮ ಫೋನನ್ನು ಬೀದಿಯವರಿಗೆಲ್ಲ ತೋರಿಸಿದಳು. ಆಮೇಲೆ ಫೋನು ಬರುವುದು ನಿಂತಿತು.

ಗೌರಿ ಹಬ್ಬದ ಬೆಳಿಗ್ಗೆ ಬೀರಯ್ಯನವರು ಕಡುಬಿನ ಮುಂದೆ ಕೂತಿದ್ದಾಗ ಯಾವುದೋ ಉದ್ದನೆಯ ನಂಬರಿನಿಂದ ಕರೆ ಬಂತು.

"ಸಾರ್, ನಾನು ಮನೋಹರ." ಪಿಸುಗುಟ್ಟುವ ದನಿ. "ಇಲ್ಲಿ ಕಂಪ್ಯೂಟರ್ ಕೆಲಸ ಅಲ್ಲ ಸಾರ್. ನಮ್ಮೋರಿಗೇ ಫೋನ್ ಮಾಡಿ ಮೋಸ ಮಾಡೋ ಕೆಲಸ. ಪಾಸ್‌ಪೋರ್ಟ್ ಕಿತ್ಕೊಂಡವ್ರೆ. ಮಾಡಲ್ಲ ಅಂದ್ರೆ ಹೊಡೀತಾರೆ. ಸುತ್ತ ಬೇಲಿ."

"ಕಾರ್ಡು? ಕಾರ್ಡು ತೋರಿಸ್ದೇನಪ್ಪ?"

"ತೋರಿಸ್ದೆ ಸಾರ್. ನಕ್ಬುಟ್ರು. ಆಮೇಲೆ ಅದಕ್ಕೂ ಹೊಡೆದ್ರು. ಅಮ್ಮಂಗೆ ಹೇಳ್ಬೇಡಿ."

ಕರೆ ಕಡಿಯಿತು. ಇಂದ್ರಮ್ಮ, "ಯಾರ್ರೀ? ಕಡುಬು ಆರೋಗ್ತದೆ" ಎಂದರು. ಬೀರಯ್ಯನವರು ಕೈ ತೊಳೆದುಕೊಂಡು ಎದ್ದರು.

ಹೇಳಬೇಡಿ ಎಂದಿದ್ದರೂ ಹೇಳದೆ ಇರಲಾಗಲಿಲ್ಲ. ಅಂದೇ ರಾಜೀವನಗರಕ್ಕೆ ಹೋಗಿ ಗಂಡಹೆಂಡಿರ ಮುಂದೆ ಎಲ್ಲ ಹೇಳಿದರು. ಮನೋಹರನ ತಂದೆ ಸಣ್ಣಮಾದಯ್ಯ ಮಿತಭಾಷಿ. ಗೋಡೆಯ ಕಡೆ ತಿರುಗಿ ಕೂತುಬಿಟ್ಟರು. ತಮ್ಮನ್ನು ಬೈಯಲಿ ಎಂದು ಬೀರಯ್ಯನವರು ಕಾದರು. ಪುಟ್ಟಮಾದಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದದ್ದೇ ಬೇರೆ:

"ನನ್ನ ಪುಣ್ಯ, ನೀವಿದ್ದೀರಲ್ಲ. ನೀವು ಒಂದು ಮಾತಾಡಿ, ಬುಟ್ಬುಡ್ತಾರೆ."

ಹೀಗೆ ಆ ದೇಶಗಳಲ್ಲಿ ತಮ್ಮ ಮಾತು ನಡೆಯುತ್ತದೆಂದು ನಂಬಿ ಮಗನನ್ನೇ ಕಳಿಸಿದವಳ ಮುಂದೆ, ಅದು ನಡೆಯುವುದಿಲ್ಲವೆಂದು ಹೇಳುವ ಕಾಲ ಬೀರಯ್ಯನವರಿಗೆ ಬಂದೊದಗಿತು. ಅವರು "ಮಾತಾಡ್ತೀನಿ ಕಣಮ್ಮ" ಎಂದರು.

ಮೊದಲು ಬೆಂಗಳೂರಿಗೆ, ಯೋಗೇಂದ್ರರಿಗೆ ಫೋನ್ ಮಾಡಿದರು.

"ಅಯ್ಯೋ, ಪಾಪ" ಎಂದರು ಯೋಗೇಂದ್ರ. "ಆದ್ರೆ ಅಧ್ಯಕ್ಷರೇ, ನಮ್ಮದು ಸರಕು ಮತ್ತೆ ಬಂಡವಾಳದ ವಿಷಯ. ಮನುಷ್ಯರು ನಮ್ಮ ವ್ಯಾಪ್ತಿಗೆ ಬರಲ್ಲ."

"ಆ ಹುಡುಗನ್ನೂ ಅವರು ಸರಕಿನ ಥರಾನೇ ಇಟ್ಕೊಂಡಿದಾರೆ ಸಾರ್."

"ನೀವು ಬಹಳ ಚೆನ್ನಾಗಿ ಮಾತಾಡ್ತೀರಿ. ಸಂಕ್ರಾಂತಿ ಮುಗಿದ ಮೇಲೆ ಮೈಸೂರಲ್ಲೇ ದೊಡ್ಡ ಸಮಾವೇಶ. ಸ್ವಾಗತ ಭಾಷಣ ನಿಮ್ಮದೇ."

ಆಮೇಲೆ ಪುಟ್ಟಮಾದಮ್ಮನನ್ನು ಕರೆದುಕೊಂಡು ಸೈಬರ್ ಪೊಲೀಸ್ ಠಾಣೆಗೆ ಹೋದರು. ಇನ್ಸ್‌ಪೆಕ್ಟರು ಇಂಥ ಕಥೆಗಳನ್ನು ಬಹಳ ಕೇಳಿದ್ದವರು.

"ಏಜೆಂಟ್ ಯಾರಮ್ಮ?"

"ಫೋನಲ್ಲಿದ್ದ ಸಾ."

"ಮತ್ತೆ ಯಾರನ್ನ ನಂಬಿ ಕಳಿಸಿದ್ರಿ?"

"ಇವ್ರನ್ನ" ಎಂದು ಪುಟ್ಟಮಾದಮ್ಮ ಹೆಮ್ಮೆಯಿಂದ ಬೀರಯ್ಯನವರನ್ನು ತೋರಿಸಿದಳು.

ಇನ್ಸ್‌ಪೆಕ್ಟರು ಪೆನ್ನು ಕೆಳಗಿಟ್ಟರು. "ಏನ್ರೀ, ನೀವಾ ಸಬ್ ಏಜೆಂಟು?"

"ಅಲ್ಲ ಸ್ವಾಮಿ, ನಾನು ಅಧ್ಯಕ್ಷ."

"ಯಾವುದರ ಅಧ್ಯಕ್ಷ?"

ಬೀರಯ್ಯನವರು ಹೇಳಲು ಹೊರಟರು. ಪರಿಷತ್ತಿನ ಪೂರ್ತಿ ಹೆಸರು ಉದ್ದವಾಗಿತ್ತು. ಅರ್ಧಕ್ಕೆ ಬಂದಾಗ ಅವರಿಗೇ ನಾಚಿಕೆಯಾಗಿ ನಿಲ್ಲಿಸಿದರು. "ಅಗರಬತ್ತಿ ಮಾರ್ತೀನಿ ಸ್ವಾಮಿ" ಎಂದರು.

"ಅಗರಬತ್ತಿ ಮಾರೋರು ಹುಡುಗನ್ನ ಕಾಂಬೋಡಿಯಾಕ್ಕೆ ಯಾಕ್ರೀ ಕಳಿಸಿದ್ರಿ?"

ಪುಟ್ಟಮಾದಮ್ಮನೇ ಮಧ್ಯೆ ಬಂದು, "ಒಳ್ಳೇದಾಗ್ಲಿ ಅಂತ ಹೇಳಿದ್ರು ಸಾ, ಅವ್ರನ್ನ ಏನೂ ಅನ್ಬೇಡಿ" ಎಂದು ಕೈಮುಗಿದಳು. ಇನ್ಸ್‌ಪೆಕ್ಟರು ಒಳ್ಳೆಯವರು. ದೂರು ಬರೆದುಕೊಂಡು, ದೆಹಲಿಗೆ ಕಳಿಸುತ್ತೇವೆ, ಇಂಥವರು ಬಹಳ ಮಂದಿ ಇದ್ದಾರೆ, ಕಾಯಬೇಕು ಎಂದರು.

ಕಾಯುವುದನ್ನು ಪುಟ್ಟಮಾದಮ್ಮ ಬೀರಯ್ಯನವರ ಜಗಲಿಯ ಮೇಲೆ ಮಾಡಿದಳು. ದಿನಾ ಬೆಳಿಗ್ಗೆ ಎರಡು ಬಸ್ಸು ಹತ್ತಿ ಬಂದು ಮೆಟ್ಟಿಲ ಪಕ್ಕ ಕೂರುವಳು. ಇಂದ್ರಮ್ಮ ಕಾಫಿ ಕೊಟ್ಟರೆ ಕುಡಿಯುವಳು. ಹೋಗಿಬರುವವರು ಕೇಳಿದರೆ, "ಯಜಮಾನ್ರು ಮಾತಾಡ್ತಾವ್ರೆ" ಎನ್ನುವಳು. ರಮಾಮಣಿ ಅದನ್ನು ವಾಟ್ಸಾಪಿಗೆ ಏರಿಸಿದರು: ನಮ್ಮ ಬೀರಯ್ಯನವರು ಕಾಂಬೋಡಿಯಾ ಸರ್ಕಾರದೊಂದಿಗೆ ಮಾತುಕತೆ ನಡೆಸುತ್ತಿದ್ದಾರೆ. ಗುಂಪಿನಲ್ಲಿ ಎಲ್ಲರೂ ಕೈಮುಗಿದರು. ಲೋಕೇಶ್ ಹೊಸ ಫ್ಲೆಕ್ಸಿನ ನಮೂನೆ ತಂದ. ಬೀರಯ್ಯನವರು ಅದನ್ನು ಕಸಿದುಕೊಂಡು ಹರಿದರು.

"ಯಾಕ್ ಭಾವ? ಬಣ್ಣ ಸರಿ ಬಂದಿಲ್ವಾ?"

"ನನಗೆ ಆ ದೇಶದಲ್ಲಿ ಒಂದು ನಾಯಿ ಕೂಡ ಗೊತ್ತಿಲ್ವೋ!" ಎಂದು ಅವರು ಕೂಗಿದರು. ಹೊರಗೆ ಜಗಲಿಯಲ್ಲಿ ಪುಟ್ಟಮಾದಮ್ಮನ ಕೆಮ್ಮು ಕೇಳಿಸಿತು. ದನಿ ತಗ್ಗಿಸಿದರು. ಆದರೂ ಬೆಳಿಗ್ಗೆ ಅವರು ಜಗಲಿಯ ಕಡೆಯಿಂದ ಹೊರಡುವುದನ್ನು ಬಿಟ್ಟು, ಹಿತ್ತಲ ಬಾಗಿಲಿಂದ ಸ್ಕೂಟರು ತಳ್ಳಿಕೊಂಡು ಹೋಗತೊಡಗಿದರು. ಸಂಧಾನದ ಗುಟ್ಟು ಕಾಪಾಡಲು ಹೀಗೆ ಓಡಾಡುತ್ತಿದ್ದಾರೆಂದು ಬಡಾವಣೆ ಅರ್ಥ ಮಾಡಿಕೊಂಡಿತು.

ಸಂಕ್ರಾಂತಿ ಕಳೆದು ಸಮಾವೇಶದ ದಿನ ಬಂತು. ಹೋಟೆಲಿನ ಬಾಗಿಲಲ್ಲಿ ಹತ್ತು ಬಾವುಟ, ಒಳಗೆ ಹತ್ತು ದೇಶಗಳ ಜನ. ಬೆಂಗಳೂರಿನಿಂದ ಬಂದ ಇಂಗ್ಲಿಷ್ ಭಾಷಣವನ್ನು ಲೋಕೇಶ್ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟಿದ್ದ. ಬೀರಯ್ಯನವರು ವೇದಿಕೆ ಹತ್ತಿ, "ಡಿಸ್ಟಿಂಗ್ವಿಶ್ಡ್ ಡೆಲಿಗೇಟ್ಸ್" ಎಂದು ಶುರು ಮಾಡಿ, ಆ ಎರಡು ಮಾತಿಗೇ ಬೆವರಿ, ಹಾಳೆಯನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

"ಅಮ್ಮಂದಿರಾ, ಅಣ್ಣಂದಿರಾ" ಎಂದರು ಕನ್ನಡದಲ್ಲಿ. "ನಮ್ಮೂರ ಹುಡುಗ ಒಬ್ಬ ನಿಮ್ಮ ಕಡೆ ಹೋಗಿ ಸಿಕ್ಕಾಕ್ಕೊಂಡಿದಾನೆ. ಹೋಗು ಅಂದೋನು ನಾನೇ. ಅವನನ್ನ ಬಿಡಿಸ್ಕೊಡಿ. ಅವರಮ್ಮ ನಮ್ಮನೆ ಬಾಗಿಲಲ್ಲಿ ಕಾಯ್ತಾ ಕೂತವಳೆ."

ಯೋಗೇಂದ್ರರ ನಗು ಒಂದಿಷ್ಟೂ ಅಲುಗಲಿಲ್ಲ. ಪಕ್ಕದ ಮೈಕಿನಲ್ಲಿ ತಿರುಗಿಸಿದರು: ನಮ್ಮ ಯುವಕರು ನಿಮ್ಮ ದೇಶಗಳಿಗೆ ಮನಸೋತು ಅಲ್ಲೇ ನೆಲೆಸುತ್ತಿದ್ದಾರೆ, ಇವರೇ ಪ್ರೋತ್ಸಾಹಿಸಿ ಕಳಿಸುತ್ತಾರೆ, ತಾಯಂದಿರು ಪ್ರೌಡ್ ಆಗಿ ಕಾಯುತ್ತಾರೆ. ಜೋರು ಚಪ್ಪಾಳೆ.

ಬೀರಯ್ಯನವರಿಗೆ ಆ ಇಂಗ್ಲಿಷಿನಲ್ಲಿ ತಿಳಿದದ್ದು ಒಂದೇ ಪದ. ಆದರೆ ಈ ಸಲ ಒಂದು ಸಾಕಾಯಿತು.

"ಪ್ರೌಡ್ ಅಲ್ಲ!" ಎಂದು ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನೋ ಪ್ರೌಡ್! ಮದರ್ ಕ್ರೈಯಿಂಗ್! ಬಾಯ್ ಲಾಕ್! ಕಾಂಬೋಡಿಯಾ ಲಾಕ್! ಬೀಟಿಂಗ್! ಐ ಸೆಂಡ್! ಐ, ಐ ಸೆಂಡ್!"

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಯಾರೋ ಮೈಕಿನ ಪ್ಲಗ್ಗು ಎಳೆದರು. ದನಿ ಸತ್ತ ಮೈಕಿನೊಳಗೆ ಬೀರಯ್ಯನವರು ಇನ್ನೂ ಸ್ವಲ್ಪ ಹೊತ್ತು "ಐ ಸೆಂಡ್" ಎನ್ನುತ್ತಿದ್ದರು. ಇಬ್ಬರು ತರುಣರು ತೋಳು ಹಿಡಿದು ಮೆಲ್ಲಗೆ ಇಳಿಸಿದರು. ಹಿರಿಯರಿಗೆ ಬಿಸಿಲಿನ ಝಳ ಬಡಿದಿದೆ ಎಂದು ಯೋಗೇಂದ್ರ ವಿವರಿಸಿದ್ದು ಕೇಳಿಸಿತು. ಆಗ ಮಾಗಿಯ ಚಳಿ.

ಹೊರಗೆ ಕುಂಡಗಳ ಪಕ್ಕ ಕೂತಿದ್ದ ಅವರನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಂದಳು. ಕಾಂಬೋಡಿಯಾದ ರೇಷ್ಮೆ ವ್ಯಾಪಾರಿ ಎಂದು ಎದೆಯ ಮೇಲಿನ ಬಿಲ್ಲೆಯಿಂದ ತಿಳಿಯುತ್ತಿತ್ತು. "ಬಾಯ್? ಪಿಕ್ಚರ್?" ಎಂದು ಕೇಳಿದಳು. ಬೀರಯ್ಯನವರು ಫೋನಿನಲ್ಲಿ ಮನೋಹರನ ಬ್ಯಾಗು ಹೊತ್ತ ಫೋಟೋ ತೋರಿಸಿದರು. ಅವಳು ಅದನ್ನು ತನ್ನ ಫೋನಿಗೆ ಇಳಿಸಿಕೊಂಡು, ನಮ್ಮ ಹಾಗೆಯೇ ಎದೆಯ ಮುಂದೆ ಕೈಜೋಡಿಸಿ ತಲೆಬಾಗಿಸಿ ಹೋದಳು. ಅವಳು ಏನಾದರೂ ಮಾಡಿದಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಬೀರಯ್ಯನವರ ಅಧ್ಯಕ್ಷಗಿರಿ ಅಂದೇ ಮುಗಿಯಿತು.

ಮಾರನೆಯ ಬೆಳಿಗ್ಗೆ ಅವರು ಹಿತ್ತಲ ಬಾಗಿಲಿಗೆ ಹೋಗದೆ ಜಗಲಿಗೇ ಬಂದರು. ಎಲ್ಲವನ್ನೂ ಹೇಳಿಬಿಡುವ ಮನಸ್ಸಿತ್ತು. ಜಗಲಿ ಖಾಲಿಯಾಗಿತ್ತು. ಅದರ ಮಾರನೆಯ ದಿನವೂ ಅವಳು ಬರಲಿಲ್ಲ. ಬೀರಯ್ಯನವರು ಸ್ಕೂಟರು ಹತ್ತಿ ರಾಜೀವನಗರಕ್ಕೆ ಹೋದರು. ಮನೆಗೆ ಬೀಗ. ಎದುರು ಮನೆಯವರು, "ದೊಡ್ಡಾಸ್ಪತ್ರೆಗೆ ಹಾಕವ್ರೆ, ಉಸಿರು ಕಟ್ಬುಡ್ತು" ಎಂದರು.

ವಾರ್ಡಿನಲ್ಲಿ ಪುಟ್ಟಮಾದಮ್ಮ ಮಂಚದ ಒಂದು ಅಂಚಿಗೆ ಒತ್ತರಿಸಿಕೊಂಡು ಮಲಗಿದ್ದಳು. ಮೂಗಿಗೆ ಕೊಳವೆ. ಕಾಲ ಬಳಿ ಸಣ್ಣಮಾದಯ್ಯ ನಿಂತಿದ್ದರು. ಬೀರಯ್ಯನವರನ್ನು ಕಂಡು ಅವಳು ಏಳಲು ನೋಡಿದಳು.

"ಮಾತಾಡಿದ್ರಾ ಯಜಮಾನ್ರೇ?"

ಅವಳಿಗೆ ಹೇಳಬೇಕೆಂದು ದಾರಿಯುದ್ದಕ್ಕೂ ನಿಜವನ್ನೇ ಜೋಡಿಸಿಕೊಂಡು ಬಂದಿದ್ದ ಬೀರಯ್ಯನವರು ಮಂಚದ ಕಡೆ ಬಗ್ಗಿದರು.

"ಮಾತಾಡ್ದೆ ಕಣಮ್ಮ. ಮೊನ್ನೆ ಎಲ್ಲ ದೇಶದೋರೂ ಬಂದಿದ್ರು, ಎಲ್ಲರ ಮುಂದೇನೂ ಮಾತಾಡ್ದೆ. ಬುಟ್ಟವ್ರೆ. ಟಿಕೆಟ್ಟೂ ಆಗೋಯ್ತು. ಬರ್ತಾವ್ನೆ."

"ಊಟ ಗೀಟ ಕೊಟ್ಟವ್ರಂತಾ?"

"ಹೂಂ. ಅನ್ನ, ಸಾರು."

"ನಾನು ಹೇಳ್ಲಿಲ್ವಾ?" ಎಂದು ಪುಟ್ಟಮಾದಮ್ಮ ಗಂಡನ ಕಡೆ ತಿರುಗಿದಳು. ಆಮೇಲೆ ಸೂಜಿ ಹಾಕಲು ಬಂದ ನರ್ಸಿಗೂ ಹೇಳಿದಳು: "ನನ್ನ ಮಗ ಬತ್ತಾವ್ನೆ ಕಣವ್ವ. ಇವ್ರೇ ಬುಡಿಸಿದ್ದು."

ಹೊರಗಿನ ಮೊಗಸಾಲೆಯಲ್ಲಿ ಸಣ್ಣಮಾದಯ್ಯ ಹಿಂದಿನಿಂದ ಬಂದು ಕೇಳಿದರು: "ನಿಜಾನಾ ಸಾ?"

"ಇಲ್ಲ ಸಣ್ಣಮಾದಯ್ಯ."

ಸಣ್ಣಮಾದಯ್ಯ ತಲೆಯಾಡಿಸಿ ಒಳಗೆ ಹೋದರು. ಮರುದಿನ ಬೆಳಗಾಗುವ ಹೊತ್ತಿಗೆ ಪುಟ್ಟಮಾದಮ್ಮ ತೀರಿಕೊಂಡಳು. ಅಂತ್ಯಕ್ರಿಯೆಯಲ್ಲಿ ಮಗ ನಿಲ್ಲಬೇಕಾದ ಜಾಗದಲ್ಲಿ ಯಾರೋ ನೆಂಟರ ಹುಡುಗ ನಿಂತ. ಬೀರಯ್ಯನವರು ದೂರದಲ್ಲಿ, ಮರದ ಬುಡದಲ್ಲಿ, ಎಲ್ಲರೂ ಹೋಗುವವರೆಗೆ ನಿಂತಿದ್ದರು.

ಬೇಸಿಗೆಯ ನಡುವೆ, ಆ ಕಡೆ ದಾಳಿ ನಡೆದು ಕೆಲವರನ್ನು ಬಿಡಿಸಿದರೆಂದೂ, ಸರ್ಕಾರ ಅವರನ್ನು ವಿಮಾನದಲ್ಲಿ ಕರೆತಂದಿತೆಂದೂ ಟೀವಿಯಲ್ಲಿ ಬಂತು. ಅವರಲ್ಲಿ ಮನೋಹರನೂ ಇದ್ದ. ಆ ದಾಳಿಗೂ ಬೀರಯ್ಯನವರಿಗೂ ಎಳ್ಳಷ್ಟೂ ಸಂಬಂಧವಿರಲಿಲ್ಲ. ಆದರೆ ವಿಜಯನಗರ ನಾಲ್ಕನೇ ಹಂತಕ್ಕೆ ನಡೆದದ್ದೇನೆಂದು ಮೊದಲೇ ಗೊತ್ತಿತ್ತು. ಬೀರಯ್ಯನವರು ಸಮಾವೇಶದಲ್ಲಿ ಹತ್ತು ದೇಶಗಳ ಮುಂದೆ ಗರ್ಜಿಸಿದ್ದು, ಅದಕ್ಕಾಗಿ ಅಧ್ಯಕ್ಷ ಪದವಿಯನ್ನೇ ತ್ಯಾಗ ಮಾಡಿದ್ದು ಎಲ್ಲವೂ ಗುಂಪಿನಲ್ಲಿ ಬಂದಿತ್ತು. ರಮಾಮಣಿ ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿದರು. ಎಂಜಿನಿಯರ್ ಬಸವರಾಜು ಮುಖ್ಯ ಅತಿಥಿ.

"ನಾನು ಬರಲ್ಲ" ಎಂದರು ಬೀರಯ್ಯನವರು.

"ಹೋಗಿ" ಎಂದರು ಇಂದ್ರಮ್ಮ. "ಹೋಗಿ ನಿಜಾನೇ ಹೇಳಿ ಬನ್ನಿ. ಮನೇಲಿ ಕೂತು ಯಾರಿಗೆ ಹೇಳ್ತೀರಿ?"

ಬೀರಯ್ಯನವರು ಹೋದರು, ಹೇಳಿದರು. "ನಾನು ಯಾರನ್ನೂ ಬಿಡಿಸಿಲ್ಲ. ಈ ಹುಡುಗನ್ನ ಆ ನರಕಕ್ಕೆ ಕಳಿಸಿದ್ದೇ ನಾನು. ನನಗೆ ಏನೂ ಗೊತ್ತಿರ್ಲಿಲ್ಲ. ಗೊತ್ತಿದೆ ಅಂದ್ಕೊಂಡಿದ್ದೆ, ನೀವೂ ಅಂದ್ಕೊಂಡ್ರಿ. ಅವರಮ್ಮ ನಮ್ಮನೆ ಜಗಲೀಲಿ ಕಾದು ಕಾದು ಸತ್ಲು." ಅಷ್ಟು ಹೇಳಿ ಮೈಕು ಕೆಳಗಿಟ್ಟರು.

ರಮಾಮಣಿ ಎದ್ದು ನಿಂತು ಚಪ್ಪಾಳೆ ಹೊಡೆದರು. ಎಲ್ಲರೂ ಎದ್ದರು. "ಇಷ್ಟೆಲ್ಲ ಮಾಡೀನೂ ಏನೂ ಮಾಡಿಲ್ಲ ಅಂತಾರಲ್ಲ, ದೊಡ್ಡ ಮನುಷ್ಯ ಅಂದ್ರೆ ಇವ್ರು ಕಣ್ರೀ" ಎಂದು ಬಸವರಾಜು ಕಣ್ಣೊರೆಸಿಕೊಂಡರು. ಹಾರ ಹಾಕಲು ಮನೋಹರನನ್ನೇ ಕರೆದರು. ಅವನು ಬಹಳ ಇಳಿದುಹೋಗಿದ್ದ. ಎಡಗೈಯ ಎರಡು ಬೆರಳು ನೆಟ್ಟಗಿರಲಿಲ್ಲ. ಹಾರ ಒಂದು ಕಡೆ ಜಾರುತ್ತಿತ್ತು. ಬೀರಯ್ಯನವರು ತಲೆ ತಗ್ಗಿಸಿ ನಿಂತರು. ಮನೋಹರ ಹಾರ ಹಾಕಿದ, ಲೋಕೇಶ್ ಫೋಟೋ ಹಿಡಿದ.

ಕಾರ್ಯಕ್ರಮ ಮುಗಿದ ಮೇಲೆ ಬೀರಯ್ಯನವರು ಮನೋಹರನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ರಾಜೀವನಗರಕ್ಕೆ ಹೋದರು. ಸಣ್ಣಮಾದಯ್ಯ ಬಾಗಿಲಲ್ಲಿದ್ದರು. ಒಳಗೆ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಪುಟ್ಟಮಾದಮ್ಮನ ಫೋಟೋ. ರೇಷನ್ ಕಾರ್ಡಿಗೆ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದರು, ಮುಖ ಮಸುಕಾಗಿತ್ತು. ಬೀರಯ್ಯನವರು ಕೈಯಲ್ಲಿದ್ದ ಹಾರವನ್ನು ಬಿಡಿಸಿ ಫೋಟೋದ ಕಡೆ ಎತ್ತಿದರು.

"ಬ್ಯಾಡಿ ಸಾ" ಎಂದರು ಸಣ್ಣಮಾದಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ನಿಮಗೆ ಹಾಕಿದ್ದು."

ಬೀರಯ್ಯನವರ ಕೈ ಕೆಳಗಿಳಿಯಿತು. ಸಣ್ಣಮಾದಯ್ಯ ಚಾಪೆ ಹಾಸಿ, "ಕೂತ್ಕಳಿ" ಎಂದರು. ಕೂತರು. ಹಾರ ತೊಡೆಯ ಮೇಲಿತ್ತು, ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮನೋಹರ ಒಲೆಯ ಮುಂದೆ ನಿಂತು ಟೀಗೆ ನೀರಿಟ್ಟ. ಬೆನ್ನು ತಿರುಗಿಸಿಕೊಂಡೇ ಕೇಳಿದ:

"ಅಮ್ಮ ಕೊನೇಲಿ ಏನಂದ್ಲು ಅಪ್ಪಾ?"

ಸಣ್ಣಮಾದಯ್ಯ ಹೇಳಿದರು: "ನೀನು ಬತ್ತಾ ಇದೀಯ, ಟಿಕೆಟ್ ಆಗದೆ ಅಂತ ಇವ್ರು ಹೇಳಿದ್ರು. ಅದನ್ನ ಕೇಳ್ಕಂಡು, ನಗ್ತಾ ಹೋದ್ಲು."

ಮನೋಹರ ಮನಸ್ಸಲ್ಲೇ ದಿನಗಳ ಲೆಕ್ಕ ಹಾಕಿದ. ತಾಯಿ ಸತ್ತಾಗ ತಾನು ಬೇಲಿಯೊಳಗೇ ಇದ್ದದ್ದು ಅವನಿಗೆ ಗೊತ್ತಿತ್ತು. ತಿರುಗಿ ಬೀರಯ್ಯನವರನ್ನು ನೋಡಿದ.

"ಸುಳ್ಳು ಹೇಳಿದ್ರಾ ಸಾರ್?"

"ಹೂಂ ಕಣಪ್ಪ."

ಒಲೆಯ ಮೇಲೆ ಟೀ ಉಕ್ಕಿ ಬಂತು. ಮನೋಹರ ಇಳಿಸಿ, ಸೋಸಿ, ಲೋಟಕ್ಕೆ ಬಗ್ಗಿಸಿದ. ಮೊದಲ ಲೋಟವನ್ನು ತಂದು ಬೀರಯ್ಯನವರ ಮುಂದೆ ಹಿಡಿದ.

"ಬಿಸಿ ಐತೆ ಸಾರ್" ಎಂದ. "ನೋಡ್ಕಂಡು ಹಿಡ್ಕಳಿ."